ಬಂಡೆ, ಅಳಿವೆ, ಅಲೆ: ಕಾರ್ಕಳದಿಂದ ಕಾಪುವರೆಗಿನ ಸೀಮೆಯ ಕಡಲ ಚರಿತ್ರೆ

ಪಶ್ಚಿಮ ಘಟ್ಟದ ತಪ್ಪಲಿನ ಕಾರ್ಕಳದಿಂದ ಹೊರಟು ನಿಟ್ಟೆ, ಬೆಳ್ಮಣ್, ನಂದಿಕೂರುಗಳ ಮೂಲಕ ಪಡುಬಿದ್ರಿಯ ಕಡಲ ದಂಡೆಗೆ ಇಳಿಯುವ ಹೆದ್ದಾರಿಯು ಸುಮಾರು ಮೂವತ್ತು ಕಿಲೋಮೀಟರಿನೊಳಗೆ ತುಳುನಾಡಿನ ಮೂರು ಬಗೆಯ ನೆಲವನ್ನು ದಾಟುತ್ತದೆ: ಹಾಸುಬಂಡೆಗಳು ಎದ್ದುನಿಂತ ಒಳನಾಡು, ಮುರಕಲ್ಲಿನ ಗುಡ್ಡಗಳ ನಡುವೆ ಬೈಲುಗದ್ದೆಗಳು ಹರಡಿಕೊಂಡ ನಡುನಾಡು, ಮತ್ತು ನದಿಗಳೂ ಹಿನ್ನೀರೂ ಅಲ್ಲಲ್ಲಿ ತುಂಡರಿಸಿದ ಮರಳಿನ ಪಟ್ಟಿ. ಈ ಪಟ್ಟಿಯುದ್ದಕ್ಕೂ, ದಕ್ಷಿಣದ ಮೂಲ್ಕಿ-ಸಸಿಹಿತ್ಲುವಿನಿಂದ ಪಡುಬಿದ್ರಿ, ಕಾಪು, ಉದ್ಯಾವರಗಳನ್ನು ಹಾದು ಉತ್ತರದ ಮಲ್ಪೆಯವರೆಗೆ, ಇಂದು ಅಲೆಸವಾರಿಗೆಂದು, ದ್ವೀಪದರ್ಶನಕ್ಕೆಂದು, ಜಾತ್ರೆ-ಕಂಬಳಗಳಿಗೆಂದು ದೂರದ ಊರುಗಳ ಜನ ಬರುತ್ತಾರೆ. ಆದರೆ ಒಂದು ಶತಮಾನದ ಹಿಂದೆ ಇದೇ ದಂಡೆಯು ಬಹುಪಾಲು ಜನರಿಗೆ ದುಡಿಮೆಯ ಸ್ಥಳವಾಗಿತ್ತು, ನಾವಿಕರಿಗೆ ಅಪಾಯದ ಸ್ಥಳವಾಗಿತ್ತು, ಭಕ್ತರಿಗೆ ಪರ್ವಕಾಲದ ಸ್ನಾನದ ಸ್ಥಳವಾಗಿತ್ತು. ಕಡಲನ್ನು ಆಟಕ್ಕಾಗಿ ಅರಸಿ ಬರುವ ರೂಢಿ ತೀರ ಈಚಿನದು. ದುಡಿಮೆಯ ದಂಡೆಯು ವಿಹಾರದ ದಂಡೆಯೂ ಆದ ಬಗೆಯನ್ನು ಪರಿಶೀಲಿಸಿದರೆ, ಈ ಬದಲಾವಣೆಯ ಪ್ರತಿಯೊಂದು ಹಂತದಲ್ಲಿಯೂ ಹೊರಗಿನಿಂದ ಬಂದ ಒಂದು ಹೊಸ ಸಾಧನವನ್ನು ಇಲ್ಲಿನ ಜನ ತಮಗೆ ಮೊದಲೇ ತಿಳಿದಿದ್ದ ಕಡಲ ಅರಿವಿಗೆ ಒಗ್ಗಿಸಿಕೊಂಡದ್ದು ಸ್ಪಷ್ಟವಾಗುತ್ತದೆ.

ಈ ದಂಡೆಯ ಒರಟುತನಕ್ಕೆ ಮೂಲವಾದುದು ಅದರ ಶಿಲೆ. ಉಡುಪಿ ಜಿಲ್ಲೆಯ ಮುಖ್ಯಭೂಮಿಯ ತಳಗಲ್ಲು ಬಹು ಪ್ರಾಚೀನವಾದ ನೈಸ್ ಮತ್ತು ಗ್ರಾನೈಟ್ ಜಾತಿಗೆ ಸೇರಿದ್ದು, ಅದರ ಮೇಲ್ಪದರ ಲಕ್ಷಾಂತರ ವರ್ಷಗಳ ಮಳೆ-ಬಿಸಿಲುಗಳಿಗೆ ಸಿಲುಕಿ ಮುರಕಲ್ಲಾಗಿ, ಎಂದರೆ ಮನೆಕಟ್ಟಲು ಕಡಿದು ತೆಗೆಯುವ ರಂಧ್ರಮಯವಾದ ಕೆಂಪು ಕಲ್ಲಾಗಿ, ಮಾರ್ಪಟ್ಟಿದೆ. ಮಲ್ಪೆಗೆ ಎದುರಾಗಿ ಕಡಲಲ್ಲಿ ಸಾಲುಗೊಂಡಿರುವ ಸೇಂಟ್ ಮೇರೀಸ್ ದ್ವೀಪಗಳ ಶಿಲೆಯಾದರೋ ಇದಕ್ಕಿಂತ ತೀರ ಭಿನ್ನವಾದುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸವು ತಣ್ಣಗಾಗಿ ಕುಗ್ಗುವಾಗ ಸಮಾನ ಅಂತರದಲ್ಲಿ ಸೀಳಿ, ಐದು, ಆರು, ಏಳು ಮುಖಗಳ ನೇರ ಕಂಬಗಳ ರೂಪವನ್ನು ತಾಳಿತು. ಸಿಲಿಕಾಂಶ ಹೆಚ್ಚಾಗಿರುವ ಈ ಲಾವಾಶಿಲೆಯನ್ನು ಭೂವಿಜ್ಞಾನಿಗಳು ರಯೋಲೈಟ್ ಮತ್ತು ರಯೋಡೇಸೈಟ್ ಎಂದು ಕರೆಯುತ್ತಾರೆ. ಎರಡು ಭೂಖಂಡಗಳ ಅಗಲಿಕೆಗೆ ನಮ್ಮ ನಾಡಿನಲ್ಲಿ ಉಳಿದಿರುವ ಪ್ರತ್ಯಕ್ಷ ಸಾಕ್ಷ್ಯಗಳಲ್ಲಿ ಇದು ಒಂದಾದುದರಿಂದಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಈ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಜನರು ಹೆಚ್ಚಾಗಿ ಹೋಗಿಬರುವ ತೆಂಗಿನ ದ್ವೀಪವು ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲವಿರುವ ಸಣ್ಣ ನೆಲವಷ್ಟೇ. ಅದರ ಅತಿ ಎತ್ತರದ ಭಾಗವೂ ಸಮುದ್ರಮಟ್ಟದಿಂದ ಹತ್ತು ಮೀಟರಿನಷ್ಟೇ ಮೇಲಿದೆ.

ಕಡಲ ದಂಡೆಗೂ ಘಟ್ಟದ ತಪ್ಪಲಿಗೂ ಇದ್ದ ಹಳೆಯ ನಂಟು ವ್ಯಾಪಾರದ ನಂಟು. ಉದ್ಯಾವರ ಮತ್ತು ಬಾರಕೂರುಗಳು ತುಳುನಾಡನ್ನು ದೀರ್ಘಕಾಲ ಆಳಿದ ಆಳುಪರ ರಾಜಧಾನಿಗಳಾಗಿದ್ದವು. ಎರಡೂ ನದೀಮುಖಕ್ಕೆ ಸಮೀಪವಾಗಿದ್ದು, ಕಡಲ ಅಲೆಯ ಹೊಡೆತದಿಂದ ದೂರವಾದ ಒಳನೀರಿನಲ್ಲಿ ಹಡಗುಗಳಿಗೆ ಆಸರೆ ನೀಡುತ್ತಿದ್ದವು. 14ನೆಯ ಶತಮಾನದ ನಡುಭಾಗದಲ್ಲಿ ಈ ದಂಡೆಯನ್ನು ಹಾದುಹೋದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನು ಬಾರಕೂರನ್ನು ಫಾಕನೂರ್ ಎಂಬ ಹೆಸರಿನಿಂದ ದಾಖಲಿಸಿದ್ದಾನೆ. ಅಲ್ಲಿನ ಅರಸನ ಬಳಿ ಯುದ್ಧದ ಹಡಗುಗಳಿದ್ದುವೆಂದೂ, ಆ ಮಾರ್ಗವಾಗಿ ಸಾಗುವ ಹಡಗುಗಳು ಅಲ್ಲಿ ತಂಗಿ ಅರಸನಿಗೆ ಕಾಣಿಕೆ ಸಲ್ಲಿಸಲೇಬೇಕಿತ್ತೆಂದೂ ಅವನ ಬರಹದಿಂದ ತಿಳಿಯುತ್ತದೆ. ಘಟ್ಟದ ಮೇಲಣ ಕಳಸ ಮತ್ತು ಕೆಳಗಿನ ಕಾರ್ಕಳಗಳೆರಡನ್ನೂ ಆಳಿದ ಭೈರರಸರ ಐಶ್ವರ್ಯಕ್ಕೆ ಮೆಣಸು ಮತ್ತು ಅಕ್ಕಿಗಳು ಈ ಬಂದರುಗಳ ಕಡೆಗೆ ಇಳಿಯುತ್ತಿದ್ದುದೇ ಬಹುಮಟ್ಟಿಗೆ ಆಧಾರವಾಗಿತ್ತು. 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸನು ಕಾರ್ಕಳದ ಬಂಡೆಯ ಮೇಲೆ ಪ್ರತಿಷ್ಠಾಪಿಸಿದ 42 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನೂ, 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಯನ್ನೂ ಆ ಐಶ್ವರ್ಯದ ಹಿನ್ನೆಲೆಯಲ್ಲಿಯೇ ನೋಡಬೇಕು. ಕಡಲಿನಿಂದ ದೂರವಿರುವಂತೆ ಕಾಣುವ ಈ ಸ್ಮಾರಕಗಳು ಕಡಲ ವ್ಯಾಪಾರದ ಫಲವನ್ನು ಕಲ್ಲಿನಲ್ಲಿ ನಿಲ್ಲಿಸಿದ ಕೃತಿಗಳು.

1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವ ಹಾದಿಯಲ್ಲಿ ಈ ಕರಾವಳಿಯ ದ್ವೀಪವೊಂದರಲ್ಲಿ ತನ್ನ ದೊರೆಯ ಲಾಂಛನವಿದ್ದ ಕಲ್ಲುಕಂಬವನ್ನು ನೆಟ್ಟು, ಅದಕ್ಕೆ ಸಂತ ಮರಿಯಳ ಹೆಸರನ್ನಿತ್ತನು. ಆ ದ್ವೀಪವು ಮಲ್ಪೆಯ ಎದುರಿನದೇ ಎಂದು ಪರಂಪರೆಯಿಂದ ಗುರುತಿಸಲಾಗಿದ್ದು, ಇಂದಿನ ಹೆಸರು ಅಲ್ಲಿಂದಲೇ ಉಳಿದುಬಂದಿದೆ. ಅನಂತರದ ಶತಮಾನಗಳಲ್ಲಿ ಪೋರ್ಚುಗೀಸರು ಇಲ್ಲಿನ ಬಂದರುಗಳಿಂದ ಅಕ್ಕಿಯನ್ನು ಕಪ್ಪವಾಗಿ ಪಡೆಯಲು ನಡೆಸಿದ ಹೋರಾಟ, ಉಳ್ಳಾಲದ ಅಬ್ಬಕ್ಕನ ಪ್ರತಿರೋಧ, ಕೆಳದಿಯ ನಾಯಕರು ಕರಾವಳಿಯನ್ನು ತಮ್ಮ ಹಿಡಿತಕ್ಕೆ ತಂದುಕೊಂಡದ್ದು, ಇವೆಲ್ಲವೂ ಕಡಲ ದಂಡೆಯನ್ನು ಕಾವಲಿನ ಗೆರೆಯನ್ನಾಗಿ ಮಾಡಿದವು. ಮಲ್ಪೆಯ ದ್ವೀಪಗಳಲ್ಲೊಂದಾದ ದರಿಯಾ ಬಹಾದ್ದೂರ್ ಗಡದಲ್ಲಿ ಕೆಳದಿಯ ಬಸವಪ್ಪ ನಾಯಕನು ಕಟ್ಟಿಸಿದನೆನ್ನಲಾದ ಕೋಟೆಯ ಅವಶೇಷಗಳಿವೆ. 1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಕೆನರಾ ಪ್ರಾಂತ್ಯವು ಬ್ರಿಟಿಷರ ವಶವಾಯಿತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕಾರ್ಕಳದ ಗೊಮ್ಮಟನನ್ನು ಕಂಡು ಉಡುಪಿಯ ಕಡೆಗೆ ಸಾಗಿದನು. ಅವನು ಬರೆದಿಟ್ಟ ವಿವರಗಳು ಮುಖ್ಯವಾಗಿ ಬೆಳೆ, ಕಂದಾಯ, ಗೇಣಿ, ಜಾತಿಗಳನ್ನು ಕುರಿತವು. ಆಡಳಿತದ ಕಣ್ಣಿಗೆ ಕರಾವಳಿಯೆಂದರೆ ಆಗ ಉತ್ಪನ್ನದ ಲೆಕ್ಕವಾಗಿತ್ತು.

ಕಾಪುವಿನ ಚರಿತ್ರೆಯಲ್ಲಿ ಈ ಎಲ್ಲ ಪದರಗಳೂ ಒಂದೆಡೆ ಸೇರಿವೆ. 16ನೆಯ ಶತಮಾನದಲ್ಲಿ ಇಲ್ಲಿನ ಜೈನ ಮನೆತನದ ಒಡೆಯನಾದ ಮದ್ದ ಹೆಗ್ಗಡೆಯು ಧರ್ಮನಾಥ ತೀರ್ಥಂಕರನ ಬಸದಿಗೆ ಮಲ್ಲಾರಿನ ಭೂಮಿಯನ್ನು ದಾನವಿತ್ತುದನ್ನು ತಿಳಿಸುವ ತಾಮ್ರಶಾಸನವು ಕಾಪುವಿನಲ್ಲಿ ದೊರೆತಿದೆ. ದಂಡೆಗೆ ಸಮೀಪದಲ್ಲಿಯೇ ಹಳೆಯ, ಹೊಸ ಮತ್ತು ಮೂರನೆಯ ಎಂದು ಕರೆಯಲಾಗುವ ಮೂರು ಮಾರಿಗುಡಿಗಳಿದ್ದು, ಸುಗ್ಗಿ, ಆಟಿ ಮತ್ತು ಜಾರ್ದೆ ಎಂಬ ತುಳು ತಿಂಗಳುಗಳಲ್ಲಿ, ವರ್ಷಕ್ಕೆ ಮೂರು ಬಾರಿ, ಮಂಗಳವಾರ ಮತ್ತು ಬುಧವಾರಗಳಂದು ಅಲ್ಲಿ ಮಾರಿಪೂಜೆ ನಡೆಯುತ್ತದೆ. ಇದೇ ಊರಿನ ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ, ಈ ಪ್ರದೇಶವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭವು ಎದ್ದಿತು. ಕಾಪುವಿನ ಎದುರಿನ ನೀರಿನಲ್ಲಿ ಅಡಗಿರುವ ಬಂಡೆಗಳು ಮುಂಬಯಿ ಮತ್ತು ಮಲಬಾರುಗಳ ನಡುವೆ ದಂಡೆಯನ್ನು ಹಿಡಿದು ಓಡಾಡುತ್ತಿದ್ದ ಪತ್ತೆಮಾರಿಗಳಿಗೂ, ಎಂದರೆ ಹಾಯಿಕಟ್ಟಿದ ಸರಕುನೌಕೆಗಳಿಗೂ, ಉಗಿಹಡಗುಗಳಿಗೂ ಅಪಾಯಕಾರಿಯಾಗಿದ್ದುದೇ ಅದರ ನಿರ್ಮಾಣಕ್ಕೆ ಕಾರಣ. ಇಂದು ಕಾಪುವಿಗೆ ಬರುವವರು ಮೊದಲು ನೋಡಬಯಸುವುದು ಆ ಬಂಡೆ ಮತ್ತು ಆ ಸ್ತಂಭಗಳನ್ನೇ. ಹಡಗುಗಳನ್ನು ದೂರವಿಡಲೆಂದು ಕಟ್ಟಿದ ಗುರುತು ಜನರನ್ನು ಹತ್ತಿರಕ್ಕೆ ಸೆಳೆಯುವ ಗುರುತಾಗಿ ಮಾರ್ಪಡಲು ಒಂದು ಶತಮಾನವೂ ಬೇಕಾಗಲಿಲ್ಲ.

ಹಡಗಿನವರಿಗೆ ಬಂಡೆಯ ಭಯವಿದ್ದರೆ, ದಂಡೆಯಲ್ಲಿಯೇ ಬದುಕುತ್ತಿದ್ದ ಮೊಗವೀರರಿಗೆ ಅಲೆಯ ಅರಿವಿತ್ತು. ಮೊಗವೀರರು ಈ ಕರಾವಳಿಯ ಪ್ರಮುಖ ಮೀನುಗಾರ ಸಮುದಾಯ. ಊರಿನ ಹಿರಿತನವನ್ನು ವಹಿಸುವ ಗುರಿಕಾರನೂ, ದೋಣಿಯನ್ನು ನಡೆಸುವ ತಾಂಡೇಲನೂ ಅವರ ಸಮಾಜದಲ್ಲಿ ಗೌರವದ ಸ್ಥಾನಗಳನ್ನು ಹೊಂದಿದ್ದಾರೆ. ನದಿಯು ಕಡಲನ್ನು ಸೇರುವ ಅಳಿವೆಯಲ್ಲಿ ಹೊಳೆಯ ಸೆಳೆತ, ಕಡಲ ಉಬ್ಬರವಿಳಿತ ಮತ್ತು ಮರಳಿನ ದಿಬ್ಬ ಈ ಮೂರೂ ಕೂಡುವುದರಿಂದ ಅಲೆಯು ಅಲ್ಲಿ ಬೇರೆಡೆಗಿಂತ ಎತ್ತರವಾಗಿ ಏಳುತ್ತದೆ ಮತ್ತು ಥಟ್ಟನೆ ಒಡೆಯುತ್ತದೆ. ದಿಬ್ಬವು ಪ್ರತಿ ಮಳೆಗಾಲದಲ್ಲಿಯೂ ಸ್ಥಳ ಬದಲಿಸುತ್ತದೆ. ಆದುದರಿಂದ ಯಾವ ಅಲೆಯನ್ನು ಬಿಟ್ಟುಕೊಡಬೇಕು, ಯಾವ ಬಿಡುವಿನಲ್ಲಿ ದೋಣಿಯನ್ನು ನುಗ್ಗಿಸಬೇಕು, ಹಿಂದಿರುಗುವಾಗ ಅಲೆಯ ಬೆನ್ನನ್ನು ಹೇಗೆ ಹಿಡಿಯಬೇಕು ಎಂಬುದನ್ನು ತಾಂಡೇಲನು ಪ್ರತಿ ವರ್ಷವೂ ಹೊಸದಾಗಿ ಕಲಿಯಬೇಕಾಗುತ್ತದೆ. ಈ ಕಲಿಕೆಯು ಗ್ರಂಥಸ್ಥವಾಗಲಿಲ್ಲ. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ದೋಣಿಯಲ್ಲಿಯೇ ದಾಟಿಬಂದಿತು.

ದಂಡೆಯ ದುಡಿಮೆಯ ಅತ್ಯಂತ ದೊಡ್ಡ ರೂಪವೆಂದರೆ ರಂಪಣಿ. ಇದು ಗೋವೆಯ ಕಡೆಯಿಂದ ಈ ಕರಾವಳಿಗೆ ಬಂದ, ಕಿಲೋಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ಉದ್ದವಿರುವ ಎಳೆಬಲೆ. ಮಳೆಗಾಲ ಕಳೆದು ಬಂಗುಡೆ ಮತ್ತು ಬೂತಾಯಿ ಮೀನುಗಳ ಹಿಂಡು ದಡದ ಹತ್ತಿರಕ್ಕೆ ಬಂದಾಗ ನೀರಿನ ಬಣ್ಣ ಬದಲಾಗುವುದನ್ನು ಗಮನಿಸಿ ಕೂಗು ಹಾಕಲಾಗುತ್ತಿತ್ತು. ಒಡನೆಯೇ ದೋಣಿಯೊಂದು ಬಲೆಯನ್ನು ಬಿಡುತ್ತ ಅರ್ಧವೃತ್ತಾಕಾರದಲ್ಲಿ ಸಾಗಿ ಹಿಂಡನ್ನು ಸುತ್ತುವರಿಯುತ್ತಿತ್ತು. ಬಳಿಕ ಬಲೆಯ ಎರಡು ತುದಿಗಳನ್ನು ದಡದ ಮೇಲೆ ನಿಂತ ಹತ್ತಾರು ಜನರ ಎರಡು ಸಾಲುಗಳು ತಾಸುಗಟ್ಟಲೆ ಎಳೆಯುತ್ತಿದ್ದವು. ಬಲೆಯ ಒಡೆತನವೂ ಹಿಡಿದ ಮೀನೂ ಪಾಲುಗಳಲ್ಲಿ ಹಂಚಿಕೆಯಾಗುತ್ತಿದ್ದುದರಿಂದ ರಂಪಣಿಯು ಒಂದು ಊರಿನ ಸಾಮುದಾಯಿಕ ಸಂಸ್ಥೆಯಂತಿತ್ತು. ಕಲ್ಲಿಗೆ ತಾಗಿದರೆ ಬಲೆ ಹರಿಯುವುದರಿಂದ ಅದಕ್ಕೆ ಬಂಡೆಯಿಲ್ಲದ, ಉದ್ದನೆಯ ಮರಳಿನ ದಂಡೆ ಬೇಕಾಗಿತ್ತು. ಎಲ್ಲಿ ಬಂಡೆ, ಎಲ್ಲಿ ಮರಳು, ಎಲ್ಲಿ ನೀರಿನೊಳಗೆ ಗುಂಡಿ ಎಂಬ ದಂಡೆಯ ಸೂಕ್ಷ್ಮ ನಕ್ಷೆಯು ಆ ಜನರ ನೆನಪಿನಲ್ಲಿ ಇದ್ದೇ ಇರಬೇಕಾಗಿತ್ತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು, ಎಂದರೆ ಮೀನಿನ ಹಿಂಡನ್ನು ನಡುನೀರಿನಲ್ಲಿಯೇ ಬಲೆಯಿಂದ ಸುತ್ತಿ ಬಲೆಯ ತಳವನ್ನು ಹಗ್ಗದಿಂದ ಬಿಗಿದು ಮೇಲೆತ್ತುವ ಯಾಂತ್ರಿಕ ದೋಣಿಗಳು, ಬಂದ ಮೇಲೆ ರಂಪಣಿಯ ಯುಗವು ಕೆಲವೇ ವರ್ಷಗಳಲ್ಲಿ ಕುಸಿಯಿತು. ಹಿಂಡುಗಳು ದಡಕ್ಕೆ ಬರುವ ಮೊದಲೇ ಹಿಡಿಯಲ್ಪಟ್ಟುದರಿಂದ ಸಾಂಪ್ರದಾಯಿಕ ಮೀನುಗಾರರಿಗೂ ಯಾಂತ್ರಿಕ ದೋಣಿಗಳವರಿಗೂ ತೀವ್ರ ಘರ್ಷಣೆಗಳು ನಡೆದವು. ಕಾಲಕ್ರಮದಲ್ಲಿ ಮೊಗವೀರರೇ ಬಹುಸಂಖ್ಯೆಯಲ್ಲಿ ಹೊಸ ಬೋಟುಗಳ ಮಾಲೀಕರೂ ದುಡಿಮೆಗಾರರೂ ಆದರು. ಮಲ್ಪೆಯು ಪಶ್ಚಿಮ ಕರಾವಳಿಯ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದಾಗಿ ಬೆಳೆಯಿತು. ಈ ಸಮೃದ್ಧಿಯ ಇನ್ನೊಂದು ಮುಖವೆಂದರೆ ಸಣ್ಣ ಊರುಗಳ ದಂಡೆಗಳು ದುಡಿಮೆಯಿಂದ ಬರಿದಾದದ್ದು. ದೋಣಿ ಮತ್ತು ಬಲೆಗಳು ಬಂದರಿಗೆ ಸರಿದ ಮೇಲೆ, ಸಸಿಹಿತ್ಲು, ಪಡುಬಿದ್ರಿ, ಕಾಪುಗಳ ಮರಳು ಕೈರಂಪಣಿ, ಎಂದರೆ ಸಣ್ಣ ಎಳೆಬಲೆ, ಮತ್ತು ನಾಡದೋಣಿಗಳ ಅಲ್ಪ ಚಟುವಟಿಕೆಗಷ್ಟೇ ಉಳಿಯಿತು. ವಿಹಾರಕ್ಕೆ ಅಲ್ಲಿ ಜಾಗ ದೊರೆತದ್ದು ಈ ಬದಲಾವಣೆಯ ಅನಂತರವೇ.

ಜಾತ್ರೆ ಮತ್ತು ಉತ್ಸವಗಳನ್ನು ನೋಡಲೆಂದು ಬರುವವರು ಅರಿಯಬೇಕಾದ ಸಂಗತಿಯೆಂದರೆ, ಈ ಸೀಮೆಯ ಆಚರಣೆಗಳ ಪಂಚಾಂಗವನ್ನು ಕಡಲೂ ಗದ್ದೆಯೂ ಸೇರಿ ಬರೆದಿವೆ. ಮಳೆಗಾಲದಲ್ಲಿ ಕಡಲು ಮುಚ್ಚುತ್ತದೆ, ಗದ್ದೆ ತೆರೆಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಈಗ ಜಾರಿಯಲ್ಲಿರುವ 61 ದಿನಗಳ ನಿಷೇಧವು ಈ ಹಳೆಯ ವಿರಾಮಕ್ಕೇ ಕಾನೂನಿನ ರೂಪವನ್ನು ಕೊಟ್ಟಿದೆ. ಆಟಿ ಅಮಾವಾಸ್ಯೆಯಂದು ಮಲ್ಪೆಯ ವಡಭಾಂಡೇಶ್ವರದಲ್ಲಿ ಜನರು ಸಮುದ್ರಸ್ನಾನ ಮಾಡುತ್ತಾರೆ. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ, ಹೂಗಳನ್ನು ಅರ್ಪಿಸಿ ಸಮುದ್ರಪೂಜೆ ನೆರವೇರಿಸುತ್ತಾರೆ. ಅಷ್ಟಮಿ ಮತ್ತು ನವರಾತ್ರಿಗಳಲ್ಲಿ ಹುಲಿವೇಷಗಳು ಬೀದಿಗಿಳಿಯುತ್ತವೆ. ದೀಪಾವಳಿಯ ಬಳಿಕ ಕೋಲ, ನೇಮ, ಯಕ್ಷಗಾನಗಳ ಕಾಲ ತೊಡಗುತ್ತದೆ. ಪಡುಬಿದ್ರಿಯ ಬ್ರಹ್ಮಸ್ಥಾನದಲ್ಲಿ ಎರಡು ವರ್ಷಗಳಿಗೊಮ್ಮೆ ಢಕ್ಕೆಬಲಿ ಸೇವೆಗಳು ನಡೆಯುತ್ತವೆ. ಮೂಲ್ಕಿಯ ಶಾಂಭವಿ ನದಿಯ ದಡದಲ್ಲಿರುವ ಬಪ್ಪನಾಡು ದುರ್ಗಾಪರಮೇಶ್ವರಿ ಕ್ಷೇತ್ರದ ಐತಿಹ್ಯವು, ಹೊಳೆಯಲ್ಲಿ ದೋಣಿ ತಡೆದುನಿಂತಾಗ ದೇವಿಯ ಇರವನ್ನು ಅರಿತು ಗುಡಿಯ ಸ್ಥಾಪನೆಗೆ ಕಾರಣನಾದವನು ಬಪ್ಪ ಎಂಬ ಬ್ಯಾರಿ ವರ್ತಕನೆಂದು ಹೇಳುತ್ತದೆ. ಬ್ಯಾರಿಗಳು ಕರಾವಳಿಯ ಮುಸ್ಲಿಂ ವ್ಯಾಪಾರಿ ಸಮುದಾಯದವರು. ಕಡಲ ವ್ಯಾಪಾರವು ಒಂದೇ ಹೊಳೆಯ ದಡದಲ್ಲಿ ಕೂಡಿಸಿದ ಹಲವು ಧರ್ಮಗಳ ಜನರ ಬಾಳುವೆಯನ್ನು ಈ ಐತಿಹ್ಯವು ಇಂದಿಗೂ ನೆನಪಿನಲ್ಲಿ ಉಳಿಸಿದೆ. ಕಾರ್ಕಳದ ಸಮೀಪದ ಅತ್ತೂರಿನಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಸಂತ ಲಾರೆನ್ಸರ ವಾರ್ಷಿಕ ಹಬ್ಬಕ್ಕೆ ಎಲ್ಲ ಮತಗಳ ಜನರೂ ಸೇರುವುದನ್ನು ಇದರೊಡನೆಯೇ ಸ್ಮರಿಸಬೇಕು.

ಗದ್ದೆಯ ಪಂಚಾಂಗಕ್ಕೆ ಸೇರಿದ ಅತ್ಯಂತ ಪ್ರಸಿದ್ಧ ಆಚರಣೆ ಕಂಬಳ. ಮೊದಲ ಬೆಳೆಯ ಕೊಯ್ಲು ಮುಗಿದ ಬಳಿಕ ನೀರು ತುಂಬಿದ ಕೆಸರುಗದ್ದೆಯಲ್ಲಿ ಕೋಣಗಳ ಜೋಡಿಗಳನ್ನು ಓಡಿಸುವ ಈ ಪದ್ಧತಿಯು ಬೀಡು ಮತ್ತು ಗುತ್ತುಗಳ, ಎಂದರೆ ಊರಿನ ಒಡೆತನದ ಮನೆತನಗಳ, ಆಶ್ರಯದಲ್ಲಿ ಬೆಳೆದುಬಂದು, ಕ್ರಮೇಣ ಎರಡು ಕರೆಗಳಲ್ಲಿ ಸಮನಾಗಿ ಓಡಿಸುವ ಜೋಡುಕರೆ ಕಂಬಳದ ರೂಪವನ್ನು ಪಡೆಯಿತು. ಕರೆಯೆಂದರೆ ಓಟದ ಕೆಸರಿನ ಪಥ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಲ್ಲಿ ಕೊನೆಯದು ವಿಶಿಷ್ಟವಾದುದು: ಅದರಲ್ಲಿ ವೇಗಕ್ಕಿಂತ, ಹಲಗೆಯ ತೂತುಗಳಿಂದ ಚಿಮ್ಮುವ ನೀರು ಎಷ್ಟು ಎತ್ತರದ ನಿಶಾನೆಯನ್ನು ಮುಟ್ಟುತ್ತದೆ ಎಂಬುದು ಮುಖ್ಯ. ಕಾರ್ಕಳದ ಮಿಯಾರು, ಕಾಪುವಿಗೆ ಸಮೀಪದ ಕಟಪಾಡಿ, ಮೂಲ್ಕಿ ಮತ್ತು ಐಕಳಗಳ ಕಂಬಳಗಳು ಈ ಸೀಮೆಯಲ್ಲಿ ಹೆಸರಾಗಿವೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಪ್ರಕರಣದಲ್ಲಿ ನೀಡಿದ ತೀರ್ಪಿನ ಪರಿಣಾಮವಾಗಿ ಕಂಬಳಕ್ಕೂ ತಡೆಯುಂಟಾಯಿತು. ಕರ್ನಾಟಕವು ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಂದ ತಿದ್ದುಪಡಿಯನ್ನು ಅದೇ ನ್ಯಾಯಾಲಯದ ಸಂವಿಧಾನಪೀಠವು 2023ರ ಮೇ 18ರಂದು ಎತ್ತಿಹಿಡಿದ ಮೇಲೆ ಅದರ ಕಾನೂನಿನ ಸ್ಥಾನವು ಸ್ಥಿರವಾಯಿತು.

ಈ ಎಲ್ಲ ನೆಲದ ಉತ್ಸವಗಳಿಗೂ ವರ್ಷದ ಕೊನೆಯ ಗಡಿಯನ್ನು ಹಾಕುವುದು ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಸಾಮಾನ್ಯವಾಗಿ ಮೇ 24ರ ಸುಮಾರಿಗೆ ಬರುವ ಈ ದಿನದಂದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳೂ ದೇವಾಲಯಗಳ ಜಾತ್ರೆಗಳೂ ನಿಲ್ಲುತ್ತವೆ, ಜನರು ಮುಂಗಾರಿನ ಬೇಸಾಯಕ್ಕೆ ಅಣಿಯಾಗುತ್ತಾರೆ. ಈ ಗಡಿಯು ಅಲೆಸವಾರಿಯ ಚರಿತ್ರೆಯನ್ನು ತಿಳಿಯುವುದಕ್ಕೂ ಅಗತ್ಯವಾದುದು.

ಕಡಲಿಗೆ ವಿಹಾರಿಗಳು ಬರತೊಡಗಿದ್ದರ ಹಿಂದೆ ವಿದ್ಯಾಸಂಸ್ಥೆಗಳ ಮತ್ತು ಮಾರ್ಗಗಳ ಚರಿತ್ರೆಯಿದೆ. ಟಿ.ಎಂ.ಎ. ಪೈಯವರು 1953ರಲ್ಲಿ ಆರಂಭಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬೋಳುಗುಡ್ಡವಾಗಿದ್ದ ಮಣಿಪಾಲವನ್ನು ವಿದ್ಯಾನಗರವಾಗಿ ಬೆಳೆಸಿತು. 1960ರಲ್ಲಿ ಸುರತ್ಕಲ್ಲಿನ ಕಡಲ ದಂಡೆಯಲ್ಲಿಯೇ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡಿತು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದು ಮುಂದೆ ಲೋಕಸಭೆಯ ಅಧ್ಯಕ್ಷರೂ ಆದ ಕೆ.ಎಸ್. ಹೆಗ್ಡೆಯವರು 1979ರಲ್ಲಿ ನಿಟ್ಟೆಯಲ್ಲಿ ವಿದ್ಯಾಸಂಸ್ಥೆಯನ್ನು ತೊಡಗಿದರು, 1986ರಲ್ಲಿ ಅಲ್ಲಿಗೆ ತಾಂತ್ರಿಕ ಕಾಲೇಜೂ ಬಂದಿತು. ಹೀಗೆ ಕರಾವಳಿಯ ಹುಟ್ಟಿನವರಲ್ಲದ, ಕಡಲನ್ನು ಮೊದಲ ಬಾರಿಗೆ ಕಾಣುವ ಸಾವಿರಾರು ಯುವಜನರು ಈ ಸೀಮೆಯಲ್ಲಿ ವರ್ಷಗಟ್ಟಲೆ ವಾಸಿಸತೊಡಗಿದರು. ನದಿಗಳಿಗೆ ಸೇತುವೆಗಳು ಬರುವ ಮೊದಲು ದಂಡೆಯ ಪ್ರಯಾಣವೆಂದರೆ ಕಡವುಗಳಲ್ಲಿ ದೋಣಿ ಬದಲಿಸುತ್ತ ಸಾಗುವ ಕಷ್ಟದ ಕೆಲಸವಾಗಿತ್ತು. ಹೆದ್ದಾರಿಯ ಸೇತುವೆಗಳೂ, 1998ರ ಜನವರಿಯಲ್ಲಿ ಪೂರ್ಣಪ್ರಮಾಣದಲ್ಲಿ ತೆರೆದ ಕೊಂಕಣ ರೈಲುಮಾರ್ಗವೂ ಆ ಕಷ್ಟವನ್ನು ನೀಗಿ, ಮುಂಬಯಿ-ಗೋವೆಗಳನ್ನು ಮೂಲ್ಕಿ-ಉಡುಪಿಗಳಿಗೆ ನೇರವಾಗಿ ಜೋಡಿಸಿದವು.

ಅಲೆಸವಾರಿ, ಎಂದರೆ ಉದ್ದನೆಯ ಹಲಗೆಯ ಮೇಲೆ ನಿಂತು ಒಡೆಯುವ ಅಲೆಯ ಇಳಿಜಾರಿನಲ್ಲಿ ಜಾರುವ ಸರ್ಫಿಂಗ್, ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳ ಪ್ರಾಚೀನ ವಿದ್ಯೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ಯಾಪ್ಟನ್ ಕುಕ್‌ನ ನೌಕಾಯಾನಗಳ ಸದಸ್ಯರು ಅದನ್ನು ತಹೀತಿ ಮತ್ತು ಹವಾಯಿಗಳಲ್ಲಿ ಕಂಡು ಬರೆದಿಟ್ಟರು. ಹವಾಯಿಯಲ್ಲಿ ಅರಸರೂ ಸಾಮಾನ್ಯರೂ ಇದರಲ್ಲಿ ತೊಡಗುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ ಹವಾಯಿಯ ಈಜುಗಾರ ಡ್ಯೂಕ್ ಕಹನಮೋಕು ಅಮೆರಿಕ ಮತ್ತು ಆಸ್ಟ್ರೇಲಿಯಾಗಳ ದಂಡೆಗಳಲ್ಲಿ ಅದನ್ನು ಜನಪ್ರಿಯಗೊಳಿಸಿದನು. ಟೋಕಿಯೊ ನಗರದ ಆತಿಥ್ಯದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಈ ವಿದ್ಯೆಗೆ ಬೇಕಾದುದು ದೊಡ್ಡ ಅಲೆಯೆನ್ನುವುದಕ್ಕಿಂತ ಕ್ರಮವಾಗಿ ಒಡೆಯುವ ಅಲೆ. ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆಯ ತಳವು ನೆಲಕ್ಕೆ ತಡೆದು ನಿಧಾನವಾಗುತ್ತದೆ, ತುದಿಯು ಮುಂದಕ್ಕೆ ಬಾಗಿ ಒಡೆಯುತ್ತದೆ. ನೆಲವು ಓರೆಯಾಗಿ ಏರುವ ದಿಬ್ಬವಾಗಿದ್ದರೆ ಅಲೆಯು ಒಮ್ಮೆಗೇ ಕುಸಿಯದೆ ಒಂದು ಅಂಚಿನಿಂದ ಇನ್ನೊಂದಕ್ಕೆ ಸಾಲಾಗಿ ಒಡೆಯುತ್ತ ಹೋಗುತ್ತದೆ, ಸವಾರನಿಗೆ ಹಾದಿ ದೊರೆಯುತ್ತದೆ. ಕಟೀಲಿನ ಮೂಲಕ ಹರಿದುಬರುವ ನಂದಿನಿಯೂ, ಸಂಕಲಕರಿಯ ಮತ್ತು ಪಲಿಮಾರುಗಳ ಬದಿಯಿಂದ ಇಳಿಯುವ ಶಾಂಭವಿಯೂ ಕೂಡಿ ಕಡಲನ್ನು ಸೇರುವ ಸಸಿಹಿತ್ಲುವಿನ ಅಳಿವೆಯಲ್ಲಿ ಹೊಳೆಗಳು ತಂದು ಹಾಕುವ ಮರಳು ಇಂಥ ದಿಬ್ಬಗಳನ್ನು ಕಟ್ಟುತ್ತದೆ. ತಾಂಡೇಲನು ಎಚ್ಚರದಿಂದ ದಾಟುತ್ತಿದ್ದ ಅದೇ ದಿಬ್ಬದ ಅಲೆಯನ್ನು ಅಲೆಸವಾರನು ಅರಸಿ ಬರುತ್ತಾನೆ.

ಭಾರತದಲ್ಲಿ ಅಲೆಸವಾರಿಯು ಒಂದು ಸಂಘಟಿತ ರೂಪವನ್ನು ಪಡೆದ ಮೊದಲ ಸ್ಥಳಗಳಲ್ಲಿ ಮೂಲ್ಕಿಗೆ ಅಗ್ರಸ್ಥಾನವಿದೆ. ಅಮೆರಿಕದ ಫ್ಲಾರಿಡಾದಲ್ಲಿ 1960ರ ದಶಕದಲ್ಲಿ ಈ ವಿದ್ಯೆಯನ್ನು ಕಲಿತಿದ್ದ ಜ್ಯಾಕ್ ಹೆಬ್ನರ್ ಅವರು 1970ರ ದಶಕದಲ್ಲಿ ಭಾರತಕ್ಕೆ ಬಂದು ವೈಷ್ಣವ ಸಂನ್ಯಾಸವನ್ನು ಸ್ವೀಕರಿಸಿ ನರಸಿಂಗ ಸ್ವಾಮಿ ಎಂಬ ಹೆಸರನ್ನು ಪಡೆದರು. 2004ರ ಸುಮಾರಿಗೆ ಮೂಲ್ಕಿಯಲ್ಲಿ ಶಾಂಭವಿಯ ದಡದಲ್ಲಿ ಅವರು ಮತ್ತು ಅವರ ಶಿಷ್ಯರು ಆಶ್ರಮವೊಂದನ್ನು ತೊಡಗಿ, ಅದರೊಡನೆ ಮಂತ್ರ ಸರ್ಫ್ ಕ್ಲಬ್ಬನ್ನು ಬೆಳೆಸಿದರು. ಸರ್ಫಿಂಗ್ ಸ್ವಾಮಿ ಎಂದೇ ಪ್ರಸಿದ್ಧರಾದ ಅವರು 2020ರಲ್ಲಿ ನಿಧನರಾದರು. ಜಪ, ಪೂಜೆ, ಶಾಕಾಹಾರಗಳ ಆಶ್ರಮಜೀವನದೊಡನೆ ಅಲೆಸವಾರಿಯನ್ನು ಕೂಡಿಸಿದ ಆ ವ್ಯವಸ್ಥೆಯು ಬೇರೆ ದೇಶಗಳ ದಂಡೆಗಳಲ್ಲಿ ಕಾಣುವ ಮೋಜಿನ ಸಂಸ್ಕೃತಿಗಿಂತ ಭಿನ್ನವಾಗಿತ್ತು. ಅಲ್ಲಿ ತರಬೇತಿ ಪಡೆದವರಲ್ಲಿ ಊರಿನ ಹುಡುಗರೂ ಹುಡುಗಿಯರೂ ಇದ್ದುದು, ಮತ್ತು ಮೂಲ್ಕಿಯ ತನ್ವಿ ಜಗದೀಶ್ ಅವರಂಥವರು ಅಲೆಸವಾರಿ ಹಾಗೂ ಹಲಗೆಯ ಮೇಲೆ ನಿಂತು ಹುಟ್ಟುಹಾಕುವ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್ ಕ್ರೀಡೆಯಲ್ಲಿ ರಾಷ್ಟ್ರಮಟ್ಟದ ಹೆಸರನ್ನು ಗಳಿಸಿದ್ದು, ಈ ವಿದ್ಯೆಯು ವಿದೇಶೀಯರ ಹವ್ಯಾಸವಾಗಿಯೇ ಉಳಿಯಲಿಲ್ಲ ಎಂಬುದಕ್ಕೆ ಸಾಕ್ಷಿ. ಹೆಣ್ಣುಮಕ್ಕಳು ಮೀನು ಮಾರುವ ದುಡಿಮೆಯಲ್ಲಿ ತಲೆತಲಾಂತರದಿಂದ ಮುಂದಾಗಿದ್ದರೂ ದೋಣಿಯೇರಿ ಕಡಲಿಗಿಳಿಯುವ ರೂಢಿಯಿಲ್ಲದಿದ್ದ ದಂಡೆಯಲ್ಲಿ ಈ ಬದಲಾವಣೆಗೆ ವಿಶೇಷ ಮಹತ್ತ್ವವಿದೆ.

ಮುಂದೆ ಸರ್ಫಿಂಗ್ ಫೆಡರೇಷನ್ ಆಫ್ ಇಂಡಿಯಾ ಎಂಬ ರಾಷ್ಟ್ರೀಯ ಸಂಸ್ಥೆಯೂ ರೂಪುಗೊಂಡಿತು. 2016ರ ಮೇ 27ರಿಂದ 29ರವರೆಗೆ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯು ಮೊದಲ ಬಾರಿಗೆ ನಡೆಯಿತು. 2022 ಮತ್ತು 2023ರಲ್ಲಿ ಅದು ಪಣಂಬೂರಿನಲ್ಲಿ ನಡೆದು, 2024ರಲ್ಲಿ ಮತ್ತೆ ಸಸಿಹಿತ್ಲುವಿಗೆ ಮರಳಿತು. ಈ ಸ್ಪರ್ಧೆಗೆ ಮೇ ತಿಂಗಳ ಕೊನೆಯ ವಾರವನ್ನೋ ಜೂನಿನ ಮೊದಲ ದಿನಗಳನ್ನೋ ಆರಿಸಿಕೊಳ್ಳುವುದು ಮುಂಗಾರಿಗೆ ಮುಂಚೆ ಏಳುವ ಉತ್ತಮ ಅಲೆಗಳಿಗಾಗಿ. ಆದರೆ ತುಳುನಾಡಿನ ಪಂಚಾಂಗದಲ್ಲಿ ಅದು ಪತ್ತನಾಜೆಯ ಮರುವಾರ: ನೆಲದ ಉತ್ಸವಗಳೆಲ್ಲ ಮುಗಿದು, ಕೃಷಿಕನು ಗದ್ದೆಗೂ ಯಾಂತ್ರಿಕ ಬೋಟುಗಳು ಬಂದರಿಗೂ ಮರಳುವ ಹೊತ್ತು. ಹಳೆಯ ಪಂಚಾಂಗದಲ್ಲಿ ತೆರವಾಗಿದ್ದ ಆ ಕೆಲವು ದಿನಗಳಲ್ಲಿಯೇ ಕಡಲ ಈ ಹೊಸ ಉತ್ಸವವು ನೆಲೆನಿಂತಿದೆ. ಯಾವ ಹಳೆಯ ಆಚರಣೆಯನ್ನೂ ತಳ್ಳಿಹಾಕದೆ ಅದು ಇಲ್ಲಿ ಬೇರೂರಲು ಸಾಧ್ಯವಾದದ್ದಕ್ಕೆ ಈ ಕಾಲಸಂಯೋಗವೂ ಒಂದು ಕಾರಣವೆನ್ನಬಹುದು.

ಗಾಮನ ಕಲ್ಲುಕಂಬ, ಗೋವೆಯ ರಂಪಣಿ, ಬ್ರಿಟಿಷ್ ಕಾಲದ ದೀಪಸ್ತಂಭ, ಎಂಜಿನ್ ದೋಣಿ, ಅಲೆಸವಾರಿಯ ಹಲಗೆ, ಇವೆಲ್ಲವೂ ಈ ದಂಡೆಗೆ ಹೊರಗಿನಿಂದ ಬಂದವು. ಅಧಿಕಾರದ ಗುರುತಾಗಿ ಬಂದ ಕಂಬವು ಹೆಸರನ್ನಷ್ಟೇ ಬಿಟ್ಟುಹೋಯಿತು. ದುಡಿಮೆಗೆ, ರಕ್ಷಣೆಗೆ, ಆಟಕ್ಕೆ ಒದಗಿದವುಗಳನ್ನು ಜನ ತಮ್ಮದಾಗಿಸಿಕೊಂಡರು. ಅಪರಿಚಿತರು ನೀರಿಗಿಳಿದು ಸೆಳೆತಕ್ಕೆ ಸಿಕ್ಕಾಗ ಮೊದಲು ಧಾವಿಸುವವರು ಇಂದಿಗೂ ದಂಡೆಯ ಮೀನುಗಾರ ಯುವಕರೇ ಆಗಿರುತ್ತಾರೆ ಎಂಬುದು, ವಿಹಾರದ ಕಡಲು ದುಡಿಮೆಯ ಕಡಲಿನ ಅರಿವನ್ನೇ ಆಶ್ರಯಿಸಿ ನಿಂತಿದೆ ಎಂಬುದನ್ನು ತೋರಿಸುತ್ತದೆ.

ಈ ಆಸರೆಯೇ ಇಂದು ಅಪಾಯದಲ್ಲಿದೆ. ಕಡಲ್ಕೊರೆತವು, ಎಂದರೆ ಅಲೆಗಳು ದಂಡೆಯನ್ನು ಕೊಚ್ಚಿಕೊಂಡು ಹೋಗುವ ಕ್ರಿಯೆಯು, ಸಸಿಹಿತ್ಲುವಿನಿಂದ ಉತ್ತರಕ್ಕೆ ಅನೇಕ ಊರುಗಳ ತೆಂಗಿನ ತೋಟಗಳನ್ನೂ ರಸ್ತೆಗಳನ್ನೂ ನುಂಗಿದೆ. ಅದನ್ನು ತಡೆಯಲೆಂದು ಸುರಿದ ಕಲ್ಲಿನ ತಡೆಗೋಡೆಗಳು ಮನೆಗಳನ್ನು ಕಾಪಾಡಿದರೂ ಅನೇಕ ಕಡೆ ಗೋಡೆಯ ಮುಂದಿನ ಮರಳನ್ನು ಕಳೆದಿವೆ. ಮರಳು ಹೋದೆಡೆ ದೋಣಿಯನ್ನು ಎಳೆದಿಡಲು ಸ್ಥಳವಿಲ್ಲ, ಕೈರಂಪಣಿಗೆ ದಂಡೆಯಿಲ್ಲ, ಅಲೆಸವಾರನಿಗೆ ದಿಬ್ಬವಿಲ್ಲ. 2020ರಲ್ಲಿ ಪಡುಬಿದ್ರಿಯ ಎಂಡ್ ಪಾಯಿಂಟ್ ದಂಡೆಗೆ ದೊರೆತ ಬ್ಲೂ ಫ್ಲ್ಯಾಗ್ ಮನ್ನಣೆಯು, ಎಂದರೆ ನೀರಿನ ಶುದ್ಧಿ, ಸುರಕ್ಷತೆ, ಪರಿಸರಪಾಲನೆಗಳ ಅಂತರರಾಷ್ಟ್ರೀಯ ಪ್ರಮಾಣಪತ್ರವು, ದಂಡೆಯನ್ನು ಜತನದಿಂದ ಇಟ್ಟುಕೊಳ್ಳಲು ಸಾಧ್ಯವೆಂಬುದನ್ನು ತೋರಿಸಿದೆ. ಆದರೆ ಒಂದು ದಂಡೆಯ ಸ್ವಚ್ಛತೆಯು ಇಡೀ ಕರಾವಳಿಯ ಮರಳಿನ ಹರಿವನ್ನು ಕಾಯಲಾರದು. ಹೊಳೆಗಳಲ್ಲಿ ಮರಳು ತೆಗೆಯುವುದನ್ನು ನಿಯಂತ್ರಿಸುವುದು, ಅಳಿವೆಗಳ ಬಾಯಿಗೆ ಕಲ್ಲು ಹಾಕುವ ಮೊದಲು ಅವುಗಳ ನಡತೆಯನ್ನು ಬಲ್ಲ ಮೀನುಗಾರರ ಮಾತನ್ನು ಕೇಳುವುದು, ಪ್ರವಾಸೋದ್ಯಮದ ಯೋಜನೆಗಳಲ್ಲಿ ದೋಣಿ ಮತ್ತು ಬಲೆಗಳಿಗೆ ಮೊದಲ ಹಕ್ಕನ್ನು ಉಳಿಸುವುದು, ಈ ಮೂರು ಕೆಲಸಗಳು ಸರ್ಕಾರದಿಂದಲೂ ಸ್ಥಳೀಯ ಪಂಚಾಯತಿಗಳಿಂದಲೂ ವಿಳಂಬವಿಲ್ಲದೆ ಆಗಬೇಕಾಗಿವೆ. ಇಲ್ಲಿಗೆ ಬರುವ ಅತಿಥಿಗಳೂ ಕಡಲು ಮುಚ್ಚಿರುವ ತಿಂಗಳುಗಳಲ್ಲಿ ನೀರಿಗಿಳಿಯದೆ, ದಂಡೆಯವರ ಎಚ್ಚರಿಕೆಯ ಮಾತನ್ನು ಮೀರದೆ, ಕೋಲ-ಕಂಬಳ-ಮಾರಿಪೂಜೆಗಳನ್ನು ಊರಿನವರ ನಂಬಿಕೆಯೆಂದು ತಿಳಿದು ಗೌರವದಿಂದ ನೋಡಬೇಕು. ಮರಳನ್ನೂ ಅದನ್ನು ಬಲ್ಲ ಜನರನ್ನೂ ಉಳಿಸಿಕೊಂಡರೆ ಮಾತ್ರ ಈ ದಂಡೆಯಲ್ಲಿ ದುಡಿಮೆಗೂ ಆಟಕ್ಕೂ ಮುಂದೆ ಸ್ಥಳವಿರುತ್ತದೆ.